ಶುಗರ್ ಇರುವವರಿಗೆ ವಾಂತಿ ಶುರುವಾದರೆ: ಡಿಕೆಎ ಬಗ್ಗೆ ಮುಂಬೈ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

“ಬೆಳಗಿನಿಂದ ಏನೂ ತಿಂದಿಲ್ಲ, ಮತ್ತೆ ಇನ್ಸುಲಿನ್ ಯಾಕೆ?”

ಜ್ವರ ಬಂದಾಗ, ವಾಂತಿ ಆದಾಗ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ಇದು. ಕೇಳಿದರೆ ಸರಿ ಅಂತಲೇ ಅನಿಸುತ್ತದೆ. ಆದರೆ ಟೈಪ್ 1 ಡಯಾಬಿಟಿಸ್ ಇರುವವರ ಜೀವಕ್ಕೆ ಕುತ್ತು ತರುವುದೂ ಇದೇ ಮಾತು. ಊಟ ನಿಂತರೂ ದೇಹಕ್ಕೆ ಇನ್ಸುಲಿನ್ ಬೇಕೇ ಬೇಕು. ಕಾಯಿಲೆ ಬಿದ್ದ ದಿನ ಮಾಮೂಲಿಗಿಂತ ಜಾಸ್ತಿಯೇ ಬೇಕಾಗಬಹುದು. ಇದೊಂದು ವಿಷಯ ಮನೆಯ ಎಲ್ಲರ ತಲೆಯಲ್ಲಿ ಕೂರಲಿ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇನ್ಸುಲಿನ್ ಸಾಲದೆ ಹೋದಾಗ, ಕೊಬ್ಬು ಕರಗಿ ಹುಟ್ಟುವ ಕೀಟೋನ್ ಎಂಬ ವಸ್ತು ರಕ್ತದಲ್ಲಿ ತುಂಬಿ, ರಕ್ತವೇ ಆಮ್ಲವಾಗುವ ಸ್ಥಿತಿಗೆ ಡಯಾಬಿಟಿಕ್ ಕೀಟೋಅಸಿಡೋಸಿಸ್ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ಎಲ್ಲರೂ ಡಿಕೆಎ ಅಂತಲೇ ಕರೆಯುತ್ತಾರೆ. ಇದು ಒಂದು ದಿನದೊಳಗೆ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ ಬೆಳೆಯುತ್ತದೆ. ಬೇಗ ಆಸ್ಪತ್ರೆ ಸೇರಿದವರಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗಿ ಮನೆಗೆ ಬರುತ್ತಾರೆ.

ಈಗಲೇ ತೊಂದರೆ ಇದ್ದರೆ

ಶುಗರ್ ಇರುವವರು ಮತ್ತೆ ಮತ್ತೆ ವಾಂತಿ ಮಾಡುತ್ತಿದ್ದಾರೆಯೇ? ಜೋರಾಗಿ, ಆಳವಾಗಿ ಉಸಿರಾಡುತ್ತಿದ್ದಾರೆಯೇ? ಮಂಪರು ಕವಿದಂತೆ ಮಾತಾಡುತ್ತಿದ್ದಾರೆಯೇ? ಹಾಗಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕಿದ ಟ್ಯಾಕ್ಸಿ ಹತ್ತಿಸಿ ಐಸಿಯು ಇರುವ ಆಸ್ಪತ್ರೆಗೆ ಹೊರಡಿ. ಉಳಿದದ್ದನ್ನು ಆಮೇಲೆ ಓದಬಹುದು.

ದೇಹದ ಒಳಗೆ ಆಗುವುದೇನು

ನಾವು ತಿಂದ ಅನ್ನ, ಚಪಾತಿ ಗ್ಲುಕೋಸ್ ಆಗಿ ರಕ್ತ ಸೇರುತ್ತದೆ. ಅದನ್ನು ಜೀವಕೋಶಗಳ ಒಳಗೆ ಬಿಡುವುದು ಇನ್ಸುಲಿನ್ ಕೆಲಸ. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಗ್ಲುಕೋಸ್ ತುಂಬಿ ತುಳುಕುತ್ತಿದ್ದರೂ ಕೋಶಗಳು ಹಸಿದೇ ಇರುತ್ತವೆ. ಆಗ ಲಿವರ್ ಇನ್ನಷ್ಟು ಗ್ಲುಕೋಸ್ ತಯಾರಿಸಿ ಹೊರಬಿಡುತ್ತದೆ. ಏನೂ ತಿನ್ನದಿದ್ದರೂ ಶುಗರ್ ಏರುವುದು ಇದರಿಂದಲೇ.

ಹಸಿದ ದೇಹ ಆಮೇಲೆ ಕೊಬ್ಬಿಗೆ ಕೈ ಹಾಕುತ್ತದೆ. ಒದ್ದೆ ಕಟ್ಟಿಗೆಯನ್ನು ಒಲೆಗೆ ತುರುಕಿದರೆ ಬೆಂಕಿಗಿಂತ ಹೊಗೆಯೇ ಜಾಸ್ತಿ ಬರುತ್ತದೆ ಅಲ್ವಾ? ಲೆಕ್ಕವಿಲ್ಲದೆ ಕೊಬ್ಬು ಕರಗಿದಾಗಲೂ ಹಾಗೆಯೇ ಕೀಟೋನ್ ರಾಶಿ ಬೀಳುತ್ತದೆ. ಕೀಟೋನ್ ಆಮ್ಲ ಗುಣದ್ದು. ಸ್ವಲ್ಪ ಇದ್ದರೆ ದೇಹ ತಡೆದುಕೊಳ್ಳುತ್ತದೆ. ಜಾಸ್ತಿಯಾದರೆ ರಕ್ತದ ಪಿಎಚ್ (ಆಮ್ಲ ಎಷ್ಟಿದೆ ಅಂತ ತೋರಿಸುವ ಅಂಕಿ, ಇದು ಇಳಿದಷ್ಟೂ ಆಮ್ಲ ಜಾಸ್ತಿ) 7.3ಕ್ಕಿಂತ ಕೆಳಗೆ ಇಳಿಯುತ್ತದೆ.

ಅತ್ತ ಹೆಚ್ಚಾದ ಗ್ಲುಕೋಸನ್ನು ಹೊರಹಾಕಲು ಕಿಡ್ನಿ ಮೂತ್ರ ಸುರಿಸುತ್ತಲೇ ಇರುತ್ತದೆ. ಅದರ ಜೊತೆಗೆ ನೀರು, ಸೋಡಿಯಂ, ಪೊಟ್ಯಾಸಿಯಂ ಎಲ್ಲ ಹೋಗುತ್ತದೆ. ದೊಡ್ಡವರಲ್ಲಿ ಡಿಕೆಎ ಜೋರಾಗುವ ಹೊತ್ತಿಗೆ ಸುಮಾರು 6 ಲೀಟರ್‌ನಷ್ಟು ನೀರು ಕಡಿಮೆಯಾಗಿರುತ್ತದೆ. ವಾಂತಿ ಬೇರೆ ಸೇರಿಕೊಂಡರೆ ಕುಡಿದು ತುಂಬಿಸುವ ದಾರಿಯೂ ಮುಚ್ಚುತ್ತದೆ. ಮನೆಯಲ್ಲೇ ನೋಡಿಕೊಳ್ಳಬಹುದಾದ ಹಂತ ಅಲ್ಲಿಗೆ ಮುಗಿಯಿತು.

1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮೊದಲು ಡಿಕೆಎ ಬಂದವರು ಬದುಕುತ್ತಿದ್ದುದೇ ಅಪರೂಪ. ಇವತ್ತು ಔಷಧಿ ನಮ್ಮ ಬೀದಿಯ ಮೆಡಿಕಲ್‌ನಲ್ಲೇ ಸಿಗುತ್ತದೆ. ಆದರೂ ಜನ ಸಾಯುವುದು ತಡ ಮಾಡಿದ್ದರಿಂದ. ನನಗೆ ಸಂಕಟವಾಗುವುದು ಇದಕ್ಕೇ.

ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ

ಟೈಪ್ 1 ಇರುವವರಿಗೆ ಅಪಾಯ ಜಾಸ್ತಿ. ಅವರ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ, ಅಥವಾ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎಷ್ಟೋ ಮಕ್ಕಳಿಗೆ ಡಯಾಬಿಟಿಸ್ ಇದೆ ಅಂತ ಗೊತ್ತಾಗುವುದೇ ಡಿಕೆಎ ಆಗಿ ಆಸ್ಪತ್ರೆ ಸೇರಿದ ಮೇಲೆ. ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ, ವಾಟರ್ ಬಾಟಲ್ ಕೈಯಿಂದ ಬಿಡದಿದ್ದರೆ, ಚೆನ್ನಾಗಿ ತಿಂದರೂ ಸಣ್ಣಗಾಗುತ್ತಿದ್ದರೆ ಅವತ್ತೇ ಬೆರಳು ಚುಚ್ಚಿ ಶುಗರ್ ನೋಡಿಸಿ. “ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ” ಅಂತ ಕಾಯಬೇಡಿ.

ಟೈಪ್ 2 ಇರುವವರಿಗೂ ಬರುತ್ತದೆ. ನ್ಯುಮೋನಿಯಾ, ಮೂತ್ರದ ಸೋಂಕು, ಕಾಲಿನ ಹುಣ್ಣು, ಹಾರ್ಟ್ ಅಟ್ಯಾಕ್, ಆಪರೇಷನ್, ಸ್ಟಿರಾಯ್ಡ್ ಮಾತ್ರೆ ಇವೆಲ್ಲ ಇನ್ಸುಲಿನ್ ಬೇಡಿಕೆಯನ್ನು ಒಮ್ಮೆಲೇ ಏರಿಸುತ್ತವೆ. ಆದರೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಎರಡು. ಒಂದು ಸೋಂಕು. ಇನ್ನೊಂದು ಇನ್ಸುಲಿನ್ ತಪ್ಪಿಸುವುದು.

ತಪ್ಪಿಸುವುದು ಅಂದ ಕೂಡಲೇ ಬೈಯುವುದು ಬೇಡ. ಮುಂಬೈಯ ಹೋಟೆಲ್‌ಗಳಲ್ಲಿ ಕೆಲಸ ಮಾಡುವ ಉಡುಪಿ, ಕುಂದಾಪುರ ಕಡೆಯ ಹುಡುಗರನ್ನು ನೋಡಿ. ಒಂದೇ ರೂಮಿನಲ್ಲಿ ಹತ್ತು ಜನ. ಫ್ರಿಜ್ ಇರುವುದು ಕೆಳಗೆ ಅಡುಗೆಮನೆಯಲ್ಲಿ. ಎಲ್ಲರ ಮುಂದೆ ಸೂಜಿ ಚುಚ್ಚಿಕೊಳ್ಳಲು ನಾಚಿಕೆ. ಪುಣೆಯ ಕಟ್ಟಡ ಕೆಲಸದಲ್ಲಿರುವ ಕಲಬುರಗಿ, ಯಾದಗಿರಿ ಕಡೆಯವರ ಕಷ್ಟವೂ ಇಂಥದ್ದೇ. ತಿಂಗಳ ಕೊನೆಯಲ್ಲಿ ದುಡ್ಡು ಮುಗಿದಾಗ ಡೋಸ್ ಅರ್ಧ ಮಾಡಿಕೊಳ್ಳುವವರೂ ಇದ್ದಾರೆ. ಹೋಟೆಲ್ ಮಾಲೀಕರು, ಮುಕಾದಮರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ನಿಮ್ಮ ಫ್ರಿಜ್‌ನಲ್ಲಿ ಒಂದು ಮೂಲೆ, ಚುಚ್ಚಿಕೊಳ್ಳಲು ಐದು ನಿಮಿಷದ ಮರೆ. ಇಷ್ಟು ಕೊಟ್ಟರೆ ಒಂದು ಜೀವ ಉಳಿಯಬಹುದು.

ನಮ್ಮ ದೇಶದಲ್ಲಿ ಕಣ್ಣಿಗೆ ಬೀಳದೆ ನಡೆಯುವ ಇನ್ನೊಂದು ತಪ್ಪು ಸಿರಿಂಜಿನದು. ಇಲ್ಲಿ ಇನ್ಸುಲಿನ್ ಬಾಟಲಿ 40 ಯೂನಿಟ್ ಮತ್ತು 100 ಯೂನಿಟ್ ಅಂತ ಎರಡು ಥರ ಸಿಗುತ್ತದೆ. ಅಂದರೆ ಒಂದು ಮಿ.ಲೀ.ಯಲ್ಲಿ ಅಷ್ಟು ಯೂನಿಟ್. 40ರ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು ಬರೀ 8 ಯೂನಿಟ್. “ದಿನಾ ಚುಚ್ಚುತ್ತಿದ್ದೇವೆ, ಆದರೂ ಶುಗರ್ ಇಳಿಯುತ್ತಿಲ್ಲ” ಅನ್ನುವ ಮನೆಗಳಲ್ಲಿ ಇದನ್ನು ಮೊದಲು ನೋಡಿ. ಉಲ್ಟಾ ತಪ್ಪು ಆದರೆ ಶುಗರ್ ಅಪಾಯ ಮಟ್ಟಕ್ಕೆ ಇಳಿಯುತ್ತದೆ. ಬಾಟಲಿ ಮತ್ತು ಸಿರಿಂಜು ಎರಡರ ಮೇಲಿನ ಅಂಕಿ ಒಂದೇ ಇರಬೇಕು. ಬಿಸಿಲಲ್ಲಿ, ಒಲೆಯ ಪಕ್ಕದಲ್ಲಿ ಇಟ್ಟ ಇನ್ಸುಲಿನ್ ಕೂಡ ಬಲ ಕಳೆದುಕೊಳ್ಳುತ್ತದೆ.

ಶುಗರ್ ಏರದೆಯೂ ಬರುವ ಡಿಕೆಎ

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಗ್ಲುಕೋಮೀಟರ್ ನಂಬಿ ಮೋಸ ಹೋಗುವುದು ಇಲ್ಲೇ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕ್ಯಾನಾಗ್ಲಿಫ್ಲೋಜಿನ್ ಅಂತ ಮಾತ್ರೆಗಳಿವೆ. ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಅಂತ ಬರುತ್ತದೆ. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯ ಔಷಧಿ. ಪೇಟೆಂಟ್ ಮುಗಿದು ಬೆಲೆ ಇಳಿದ ಮೇಲೆ ನಮ್ಮಲ್ಲಿ ಬಹಳ ಜನ ತೆಗೆದುಕೊಳ್ಳುತ್ತಿದ್ದಾರೆ. ಇವು ಮೂತ್ರದಲ್ಲಿ ಗ್ಲುಕೋಸ್ ಹೊರಹಾಕಿಸುತ್ತವೆ. ಹಾಗಾಗಿ ಶುಗರ್ 180, 200 ಅಂತ ಸಾಧಾರಣವಾಗಿ ಕಂಡರೂ ಒಳಗೆ ಕೀಟೋನ್ ಏರುತ್ತಿರಬಹುದು.

ಈ ಮಾತ್ರೆ ತೆಗೆದುಕೊಳ್ಳುವವರು ಏಕಾದಶಿ, ಶಿವರಾತ್ರಿ ಅಂತ ನಿಟ್ಟುಪವಾಸ ಮಾಡುವುದು, ಅನ್ನ ಚಪಾತಿ ಪೂರ್ತಿ ಬಿಟ್ಟು ಕೀಟೋ ಡಯಟ್ ಹಿಡಿಯುವುದು, ಜೋರಾಗಿ ಮದ್ಯ ಕುಡಿಯುವುದು ಎಲ್ಲವೂ ಅಪಾಯ. ಆಪರೇಷನ್ ಇದ್ದರೆ ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಸರ್ಜನ್ ಕೇಳದಿದ್ದರೆ ನೀವೇ ನೆನಪಿಸಿ. ವಾಂತಿ, ಭೇದಿ, ಜ್ವರ ಬಂದು ಊಟ ಸೇರದಿದ್ದರೆ ಅವತ್ತಿಗೆ ಈ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಸುಸ್ತು, ವಾಕರಿಕೆ ಇದ್ದರೆ ಶುಗರ್ ಎಷ್ಟೇ ಇರಲಿ, ಕೀಟೋನ್ ನೋಡಿಸಿ.

ಗರ್ಭಿಣಿಯರಲ್ಲೂ ಹಾಗೆಯೇ. ಶುಗರ್ ಅಷ್ಟೇನೂ ಏರದೆ ಡಿಕೆಎ ಬರಬಹುದು. ತಾಯಿ, ಮಗು ಇಬ್ಬರಿಗೂ ಅಪಾಯ. ಅವರ ವಿಷಯದಲ್ಲಿ ಮನೆಯಲ್ಲಿ ಕಾದು ನೋಡುವುದೇ ಬೇಡ.

ಗುರುತು ಹಿಡಿಯುವುದು

ಮೊದಲು ಬರುವುದು ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಬಾಯಿ ಒಣಗುವುದು, ಸುಸ್ತು. ಆಮೇಲೆ ವಾಕರಿಕೆ, ವಾಂತಿ, ಹೊಟ್ಟೆನೋವು. ಇಲ್ಲಿಯೇ ದಾರಿ ತಪ್ಪುವುದು. “ಪಿತ್ತ ಆಗಿದೆ”, “ನಿನ್ನೆ ಹೊರಗೆ ತಿಂದದ್ದು ಆಗಿಬರಲಿಲ್ಲ” ಅಂದುಕೊಂಡು ಜನ ಈನೋ ಕುಡಿದು ಮಲಗುತ್ತಾರೆ. ಹೊಟ್ಟೆನೋವು ಅಪೆಂಡಿಕ್ಸ್ ಅನಿಸುವಷ್ಟು ಜೋರಾಗಿಯೂ ಇರಬಹುದು.

ಇನ್ನೂ ಮುಂದೆ ಹೋದರೆ ಉಸಿರು ಬದಲಾಗುತ್ತದೆ. ಓಡಿ ಬಂದವರ ಹಾಗೆ ಆಳವಾದ, ಬಿಡುವಿಲ್ಲದ ಉಸಿರು. ಜರ್ಮನಿಯ ಡಾಕ್ಟರ್ ಅಡಾಲ್ಫ್ ಕುಸ್‌ಮೌಲ್ 1874ರಲ್ಲಿ ಇದನ್ನು ಬರೆದಿಟ್ಟರು. ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ರಕ್ತದಲ್ಲಿನ ಆಮ್ಲವನ್ನು ಉಸಿರಿನ ಮೂಲಕ ಹೊರಹಾಕಲು ದೇಹ ಹಾಗೆ ಒದ್ದಾಡುತ್ತದೆ. ಮಕ್ಕಳಲ್ಲಿ ಇದನ್ನು ದಮ್ಮು ಅಂದುಕೊಳ್ಳುವುದುಂಟು.

ಬಾಯಿಂದ ಕೊಳೆತ ಹಣ್ಣಿನಂಥ, ಇಲ್ಲವೇ ನೇಲ್ ಪಾಲಿಶ್ ತೆಗೆಯುವ ದ್ರಾವಣದಂಥ ವಾಸನೆ ಬರಬಹುದು. ಎಲ್ಲರ ಮೂಗಿಗೂ ಅದು ತಿಳಿಯುವುದಿಲ್ಲ. ಮಂಪರಿನಲ್ಲಿ ತೊದಲುವ ಮಾತು, ಬಾಯಲ್ಲಿ ಏನೋ ವಾಸನೆ. ಸ್ಟೇಷನ್ ಬೆಂಚಿನ ಮೇಲೆ ಹೀಗೆ ಬಿದ್ದವನನ್ನು ಕುಡುಕ ಅಂತ ಬಿಟ್ಟು ಹೋಗುವುದು ಬಹಳ ಸುಲಭ. ಶುಗರ್ ಇರುವವರು ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಬೇಕು. “ನನಗೆ ಡಯಾಬಿಟಿಸ್ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ” ಅಂತ ಮರಾಠಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ ಬರೆದು, ಮನೆಯವರ ಫೋನ್ ನಂಬರ್ ಹಾಕಿ.

ಮನೆಯಲ್ಲಿ ಮೊದಲೇ ಇರಬೇಕಾದ್ದು

ಗ್ಲುಕೋಮೀಟರ್ ಮತ್ತು ಸ್ಟ್ರಿಪ್ ಹೇಗೂ ಇರುತ್ತದೆ. ಕೀಟೋನ್ ನೋಡುವ ಸ್ಟ್ರಿಪ್ ಇರುವುದಿಲ್ಲ. ಮೂತ್ರದಲ್ಲಿ ಅದ್ದಿ ನೋಡುವ ಸ್ಟ್ರಿಪ್ ದೊಡ್ಡ ಮೆಡಿಕಲ್‌ಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಡಬ್ಬದ ಮೇಲೆ ಬರೆದಷ್ಟು ಸೆಕೆಂಡ್ ಬಿಟ್ಟು ಬಣ್ಣ ಹೋಲಿಸಿ. ಮುಂಬೈಯ ಮಳೆಗಾಲದ ತೇವಕ್ಕೆ ಈ ಸ್ಟ್ರಿಪ್ ಬೇಗ ಹಾಳಾಗುತ್ತದೆ. ಮುಚ್ಚಳ ಬಿಗಿಯಾಗಿರಲಿ, ತೆರೆದ ತಾರೀಕು ಡಬ್ಬದ ಮೇಲೆ ಬರೆದಿಡಿ.

ರಕ್ತದ ಕೀಟೋನ್ ಮೀಟರ್ ಇದಕ್ಕಿಂತ ಒಳ್ಳೆಯದು. ಡಿಕೆಎಯಲ್ಲಿ ಜಾಸ್ತಿ ಇರುವ ಕೀಟೋನ್ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್. ಮೂತ್ರದ ಸ್ಟ್ರಿಪ್ ಅದನ್ನು ಅಳೆಯುವುದಿಲ್ಲ, ಅಸಿಟೋಅಸಿಟೇಟ್ ಎಂಬ ಇನ್ನೊಂದನ್ನು ಅಳೆಯುತ್ತದೆ. ಜೊತೆಗೆ ಅದು ತೋರಿಸುವುದು ಕೆಲವು ಗಂಟೆ ಹಿಂದಿನ ಸ್ಥಿತಿ. ಖರ್ಚು ಜಾಸ್ತಿ ನಿಜ. ಟೈಪ್ 1 ಮಗು ಇರುವ ಮನೆಯಲ್ಲಿ ಆದರೆ ಈ ಖರ್ಚು ಮಾಡಿ ಅಂತಲೇ ನಾನು ಹೇಳುತ್ತೇನೆ.

ತೆರೆಯದ ಇನ್ಸುಲಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಲಿ, ಫ್ರೀಜರ್‌ನಲ್ಲಿ ಬೇಡ. ಬಳಸುತ್ತಿರುವುದನ್ನು ತಂಪಾದ ಜಾಗದಲ್ಲಿ ಹೊರಗಿಡಬಹುದು. ಹೆಚ್ಚಿನವು ತೆರೆದ ಮೇಲೆ ಸುಮಾರು 4 ವಾರ ಬರುತ್ತವೆ. ಕರೆಂಟ್ ಇಲ್ಲದ ಕಡೆ ಒದ್ದೆ ಮರಳಿನ ಮೇಲೆ ಇಟ್ಟ ಮಣ್ಣಿನ ಮಡಕೆಯೂ ಆಗುತ್ತದೆ. ಓಆರ್‌ಎಸ್ ಪ್ಯಾಕೆಟ್, ಥರ್ಮಾಮೀಟರ್, ಗ್ಲುಕೋಸ್ ಪುಡಿ ಒಂದೇ ಡಬ್ಬದಲ್ಲಿರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಹಾಳೆ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ “ಜ್ವರ, ವಾಂತಿ ಬಂದ ದಿನ ಇನ್ಸುಲಿನ್ ಎಷ್ಟು, ಯಾವ ಮಾತ್ರೆ ನಿಲ್ಲಿಸಬೇಕು, ರಾತ್ರಿ ಯಾರಿಗೆ ಫೋನ್ ಮಾಡಬೇಕು” ಅಂತ ಕೇಳಿ ಬರೆಸಿಕೊಳ್ಳಿ. ಫ್ರಿಜ್ ಬಾಗಿಲಿಗೆ ಅಂಟಿಸಿ. 30/70ರಂಥ ಮಿಕ್ಸ್ ಇನ್ಸುಲಿನ್ (ಬೇಗ ಕೆಲಸ ಮಾಡುವುದು, ನಿಧಾನದ್ದು ಎರಡೂ ಸೇರಿಸಿದ್ದು) ತೆಗೆದುಕೊಳ್ಳುವವರು ಇದನ್ನು ಖಂಡಿತ ಕೇಳಬೇಕು. ಮಿಕ್ಸ್ ಇನ್ಸುಲಿನ್ನನ್ನು ಆಗಾಗ ಹೆಚ್ಚುವರಿ ಡೋಸ್ ಆಗಿ ಚುಚ್ಚುವಂತಿಲ್ಲ.

ಕಾಯಿಲೆ ಬಿದ್ದ ದಿನ: ಹಂತ ಹಂತವಾಗಿ

ಹಂತ 1. ದಿನಕ್ಕೊಮ್ಮೆ ಅಥವಾ ಎರಡು ಸಲ ತೆಗೆದುಕೊಳ್ಳುವ ದೀರ್ಘಾವಧಿಯ ಇನ್ಸುಲಿನ್ ನಿಲ್ಲಿಸಬೇಡಿ. ಊಟ ಇಲ್ಲದಿದ್ದರೂ ಬೇಕು. ಶುಗರ್ ತೀರಾ ಕಡಿಮೆ ಇದ್ದರೆ ಡೋಸ್ ಇಳಿಸಬೇಕಾಗಬಹುದು. ಅದನ್ನು ಡಾಕ್ಟರನ್ನು ಕೇಳಿ ಮಾಡಿ, ಪೂರ್ತಿ ಬಿಡಬೇಡಿ. ಇನ್ಸುಲಿನ್ ಪಂಪ್ ಹಾಕಿಕೊಂಡಿರುವವರು ಟ್ಯೂಬ್ ಮಡಚಿದೆಯಾ, ಸೂಜಿ ಕಿತ್ತು ಬಂದಿದೆಯಾ ನೋಡಿ. ಸಂಶಯ ಇದ್ದರೆ ಪೆನ್ನಿನಿಂದ ಚುಚ್ಚಿ, ಸೆಟ್ ಬದಲಿಸಿ.

ಹಂತ 2. 2ರಿಂದ 4 ಗಂಟೆಗೊಮ್ಮೆ ಶುಗರ್ ನೋಡಿ, ರಾತ್ರಿಯೂ. ಶುಗರ್ 250 ದಾಟಿದ್ದರೆ, ಅಥವಾ ಎಷ್ಟೇ ಇದ್ದರೂ ವಾಂತಿ ಇದ್ದರೆ, ಕೀಟೋನ್ ನೋಡಿ. ಹೊತ್ತು, ಅಂಕಿ, ಕೊಟ್ಟ ಯೂನಿಟ್ ಎಲ್ಲ ಒಂದು ಕಾಗದದಲ್ಲಿ ಬರೆಯುತ್ತಾ ಹೋಗಿ. ಆಸ್ಪತ್ರೆಗೆ ಹೋದರೆ ಅದೇ ಕಾಗದ ಡಾಕ್ಟರಿಗೆ ಬಹಳ ಸಹಾಯ.

ಹಂತ 3. ಕೀಟೋನ್ ಅಂಕಿ ಅರ್ಥ ಮಾಡಿಕೊಳ್ಳಿ. ರಕ್ತದ ಮೀಟರ್‌ನಲ್ಲಿ 0.6ಕ್ಕಿಂತ ಕಡಿಮೆ ಇದ್ದರೆ ಸರಿ. 0.6ರಿಂದ 1.5 ಇದ್ದರೆ ಕೀಟೋನ್ ಏರಲು ಶುರುವಾಗಿದೆ. ನೀರು, ಹೆಚ್ಚುವರಿ ಇನ್ಸುಲಿನ್ ಕೊಟ್ಟು ಎರಡು ಗಂಟೆಯಲ್ಲಿ ಮತ್ತೆ ನೋಡಿ. 1.5ರಿಂದ 3 ಇದ್ದರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾತೇ ಇಲ್ಲ, ಆಸ್ಪತ್ರೆ. ಮೂತ್ರದ ಸ್ಟ್ರಿಪ್‌ನಲ್ಲಿ ಎರಡು ಪ್ಲಸ್ ಅಥವಾ ಜಾಸ್ತಿ ಬಂದರೂ ಅಷ್ಟೇ.

ಹಂತ 4. ಹೆಚ್ಚುವರಿ ಇನ್ಸುಲಿನ್. ಇದಕ್ಕೆ ಬೇಗ ಕೆಲಸ ಮಾಡುವ ಇನ್ಸುಲಿನ್ ಬೇಕು. ಕೀಟೋನ್ ಇದ್ದಾಗ ದಿನದ ಒಟ್ಟು ಡೋಸಿನ ಹತ್ತರಲ್ಲಿ ಒಂದು ಪಾಲು ಅಂತ ಡಾಕ್ಟರ್‌ಗಳು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ದಿನಕ್ಕೆ ಒಟ್ಟು 40 ಯೂನಿಟ್ ತೆಗೆದುಕೊಳ್ಳುವವರಿಗೆ 4 ಯೂನಿಟ್. ನಿಮ್ಮ ಲೆಕ್ಕ ಬೇರೆ ಇರಬಹುದು. ಫ್ರಿಜ್ ಬಾಗಿಲ ಮೇಲಿನ ಹಾಳೆಯೇ ನಿಮಗೆ ಆಧಾರ. ಹಾಳೆ ಇಲ್ಲದಿದ್ದರೆ ಊಹೆ ಮಾಡಬೇಡಿ, ಫೋನ್ ಮಾಡಿ.

ಹಂತ 5. ಕುಡಿಯುವುದು. ದೊಡ್ಡವರಿಗೆ ಗಂಟೆಗೆ ಒಂದು ಲೋಟ, ಒಂದೊಂದೇ ಗುಟುಕು. ಶುಗರ್ ಜಾಸ್ತಿ ಇದ್ದಾಗ ನೀರು, ಉಪ್ಪು ಹಾಕಿದ ತೆಳು ಮಜ್ಜಿಗೆ, ತೆಳುವಾದ ಸಾರು. ಶುಗರ್ ಇಳಿದು 180ರ ಆಸುಪಾಸಿಗೆ ಬಂದರೆ ಗಂಜಿ ತಿಳಿ, ಓಆರ್‌ಎಸ್, ಎಳನೀರು ಕೊಡಿ. ಇನ್ಸುಲಿನ್ ಮುಂದುವರಿಸಲು ಅಷ್ಟು ಸಕ್ಕರೆ ಅಂಶ ಬೇಕಾಗುತ್ತದೆ. 70ಕ್ಕಿಂತ ಕೆಳಗೆ ಹೋದರೆ ಗ್ಲುಕೋಸ್ ನೀರು ಕುಡಿಸಿ. ಅದೂ ಒಳಗೆ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ಹೃದಯ, ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಇರುವವರು ಡಾಕ್ಟರ್ ಹೇಳಿದಷ್ಟೇ ಕುಡಿಯಬೇಕು.

ಹಂತ 6. ಮಾತ್ರೆಗಳು. ಗ್ಲಿಫ್ಲೋಜಿನ್ ನಿಲ್ಲಿಸುವುದು ಆಗಲೇ ಹೇಳಿದೆ. ವಾಂತಿ ಭೇದಿಯಿಂದ ನೀರು ಕಡಿಮೆಯಾಗಿದ್ದಾಗ ಮೆಟ್‌ಫಾರ್ಮಿನ್, ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ಬಿಪಿ ಮಾತ್ರೆ ಕೂಡ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಹೆಸರು ಓದಿ ಹೇಳಿ ಡಾಕ್ಟರನ್ನು ಕೇಳಿ. ನೋವಿಗೆ ಅಂತ ಸಿಕ್ಕಿದ ಪೇನ್‌ಕಿಲ್ಲರ್ ನುಂಗಬೇಡಿ. ಶುಗರ್ ಇಳಿಸಲು ವಾಕಿಂಗ್ ಹೋಗುವುದು ಬೇಡ. ಕೀಟೋನ್ ಇರುವಾಗ ವ್ಯಾಯಾಮ ಅದನ್ನು ಇನ್ನೂ ಏರಿಸುತ್ತದೆ.

ಯಾವಾಗ ಹೊರಡಬೇಕು? ಕೀಟೋನ್ 3 ಮುಟ್ಟಿದರೆ. ಎರಡು ಸಲ ಹೆಚ್ಚುವರಿ ಇನ್ಸುಲಿನ್ ಕೊಟ್ಟರೂ ಕೀಟೋನ್ ಇಳಿಯದಿದ್ದರೆ. ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ. ಉಸಿರು ಬದಲಾದರೆ, ಹೊಟ್ಟೆನೋವು ಜೋರಾದರೆ, ಮಂಪರು ಬಂದರೆ. ಚಿಕ್ಕ ಮಗುವಾದರೆ ಇದಕ್ಕೂ ಮೊದಲೇ. ಕೀಟೋನ್ ನೋಡುವ ದಾರಿಯೇ ಇಲ್ಲದ ಮನೆಯಲ್ಲಿ ಶುಗರ್ ಜಾಸ್ತಿ ಇದ್ದು ವಾಂತಿಯೂ ಇದ್ದರೆ, ಡಿಕೆಎ ಅಂತಲೇ ತಿಳಿದು ಹೊರಡಿ.

ಯಾವ ಆಸ್ಪತ್ರೆ, ಅಲ್ಲಿ ಏನು ಹೇಳಬೇಕು

ಬೀದಿಯ ಕ್ಲಿನಿಕ್‌ನಲ್ಲಿ “ಸುಸ್ತಾಗಿದೆ, ಒಂದು ಬಾಟ್ಲಿ ಹಾಕಿಸಿ” ಅನ್ನುವ ಅಭ್ಯಾಸ ನಮ್ಮಲ್ಲಿದೆ. ಡಯಾಬಿಟಿಸ್ ಇದೆ ಅಂತ ಹೇಳದೆ ಗ್ಲುಕೋಸ್ ಬಾಟ್ಲಿ ಏರಿಸಿಕೊಂಡರೆ, ಇನ್ಸುಲಿನ್ ಇಲ್ಲದ ದೇಹಕ್ಕೆ ಇನ್ನಷ್ಟು ಗ್ಲುಕೋಸ್ ಸುರಿದಂತೆ. ಡಿಕೆಎಗೆ ಬೇಕಾದದ್ದು ರಾತ್ರಿ ಹಗಲು ಲ್ಯಾಬ್ ಇರುವ, ರಕ್ತದ ಪಿಎಚ್ ಮತ್ತು ಪೊಟ್ಯಾಸಿಯಂ ನೋಡಬಲ್ಲ, ಐಸಿಯು ಇರುವ ಜಾಗ. ನಿಮ್ಮ ಮನೆಗೆ ಹತ್ತಿರ ಅಂಥದ್ದು ಯಾವುದು ಅಂತ ಇವತ್ತೇ ಪತ್ತೆ ಮಾಡಿ. ಮುಂಬೈಯಲ್ಲಿ ಪರೇಲಿನ ಕೆಇಎಂ, ಸಯನ್, ಮುಂಬೈ ಸೆಂಟ್ರಲ್ಲಿನ ನಾಯರ್, ಜುಹು ಕಡೆಯವರಿಗೆ ಕೂಪರ್ ಮಹಾನಗರ ಪಾಲಿಕೆಯ ದೊಡ್ಡ ಆಸ್ಪತ್ರೆಗಳು. ಮಕ್ಕಳಿಗೆ ಪರೇಲಿನ ವಾಡಿಯಾ ಇದೆ. ಪುಣೆಯಲ್ಲಿ ಸ್ಟೇಷನ್ ಹತ್ತಿರದ ಸಸೂನ್, ಗೋವಾದಲ್ಲಿ ಬಾಂಬೋಳಿಯ ಮೆಡಿಕಲ್ ಕಾಲೇಜು. ಡೊಂಬಿವಲಿ, ವಿರಾರ್ ಕಡೆಯವರು ಟ್ರಾಫಿಕ್‌ನಲ್ಲಿ ಪರೇಲಿಗೆ ಹೊರಡುವ ಬದಲು ಹತ್ತಿರದ ಐಸಿಯುಗೆ ಮೊದಲು ಸೇರಿಸಿ. ಮಂಪರಿನಲ್ಲಿರುವವರನ್ನು ಲೋಕಲ್ ಟ್ರೈನ್ ಹತ್ತಿಸಬೇಡಿ.

ಕೌಂಟರ್‌ನಲ್ಲಿ ಬರೀ “ವಾಂತಿ” ಅಂದರೆ ಉದ್ದ ಸಾಲಿನಲ್ಲಿ ಕೂರಿಸಬಹುದು. ನೇರವಾಗಿ ಕ್ಯಾಶುವಲ್ಟಿಗೆ ಹೋಗಿ ಮರಾಠಿಯಲ್ಲಿ ಹೀಗೆ ಹೇಳಿ: “ಯಾಂನಾ ಶುಗರ್ ಆಹೆ, ಇನ್ಸುಲಿನ್ ಚಾಲೂ ಆಹೆ, ಉಲಟ್ಯಾ ಹೋತ್ ಆಹೇತ್, ಕೀಟೋನ್ ತಪಾಸಾ.” ಅಂದರೆ ಇವರಿಗೆ ಶುಗರ್ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ, ವಾಂತಿ ಆಗುತ್ತಿದೆ, ಕೀಟೋನ್ ನೋಡಿ ಅಂತ. ಊರಿಂದ ಹೊಸದಾಗಿ ಬಂದವರು ಇದನ್ನು ಬಾಯಿಪಾಠ ಮಾಡಿಕೊಂಡರೂ ನಡೆಯುತ್ತದೆ. ಎಲ್ಲ ಔಷಧಿ, ಇನ್ಸುಲಿನ್ ಪೆನ್ನು, ಸಿರಿಂಜು, ಬರೆದಿಟ್ಟ ಕಾಗದ ಒಂದೇ ಚೀಲದಲ್ಲಿ ಒಯ್ಯಿರಿ. ಗ್ಲಿಫ್ಲೋಜಿನ್ ಮಾತ್ರೆ ಇದ್ದರೆ ಶುಗರ್ 200 ಕಂಡು “ಏನೂ ಇಲ್ಲ” ಅಂತ ಕಳಿಸಿಬಿಡುವ ಸಾಧ್ಯತೆ ಇದೆ. ಮಾತ್ರೆಯ ಹಾಳೆ ತೋರಿಸಿ ಕೀಟೋನ್ ನೋಡಲು ಕೇಳಿ.

ಆಸ್ಪತ್ರೆಯಲ್ಲಿ ನಡೆಯುವುದು

ಮೊದಲು ಸಲೈನ್. ದೊಡ್ಡವರಿಗೆ ಮೊದಲ ಗಂಟೆಯಲ್ಲೇ ಒಂದು ಲೀಟರ್‌ವರೆಗೆ ಕೊಡುವುದು ಸಾಮಾನ್ಯ. ಮಕ್ಕಳಿಗೆ ಲೆಕ್ಕ ಹಾಕಿ ನಿಧಾನವಾಗಿ ಕೊಡುತ್ತಾರೆ. ಆಮೇಲೆ ಇನ್ಸುಲಿನ್, ನರದ ಮೂಲಕ ಒಂದೇ ಸಮನೆ. ತೂಕದ ಪ್ರತಿ ಕಿಲೋಗೆ ಗಂಟೆಗೆ 0.1 ಯೂನಿಟ್, ಅಂದರೆ 60 ಕಿಲೋ ಇರುವವರಿಗೆ ಗಂಟೆಗೆ 6 ಯೂನಿಟ್. ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡುತ್ತಾರೆ. ಪದೇ ಪದೇ ಪೊಟ್ಯಾಸಿಯಂ ನೋಡುವುದು ಸುಮ್ನೆ ಬಿಲ್ ಏರಿಸಲು ಅಲ್ಲ. ಇನ್ಸುಲಿನ್ ಹೋದಂತೆ ಪೊಟ್ಯಾಸಿಯಂ ಕೋಶಗಳ ಒಳಗೆ ಸರಿದು ರಕ್ತದಲ್ಲಿ ಇಳಿಯುತ್ತದೆ. ತೀರಾ ಇಳಿದರೆ ಹೃದಯದ ಬಡಿತವೇ ತಪ್ಪುತ್ತದೆ. ಅದಕ್ಕಾಗಿ ಬಾಟ್ಲಿಯಲ್ಲಿ ಪೊಟ್ಯಾಸಿಯಂ ಸೇರಿಸುತ್ತಾರೆ. ಮೊದಲೇ ಬಹಳ ಕಡಿಮೆ ಇದ್ದರೆ ಇನ್ಸುಲಿನ್ ಶುರು ಮಾಡುವುದನ್ನೇ ಸ್ವಲ್ಪ ತಡೆಯುತ್ತಾರೆ.

ಶುಗರ್ 250ರ ಹತ್ತಿರ ಇಳಿದ ಮೇಲೆ ಗ್ಲುಕೋಸ್ ಬಾಟ್ಲಿ ಹಾಕುತ್ತಾರೆ. ಮನೆಯವರು ಗಾಬರಿಯಾಗುವುದು, ಜಗಳಕ್ಕೆ ನಿಲ್ಲುವುದು ಇಲ್ಲೇ. ಹೆದರಬೇಡಿ. ಈಗ ಇನ್ಸುಲಿನ್ ಜೊತೆಗೆ ಹೋಗುತ್ತಿದೆ. ಶುಗರ್ ಇಳಿದರೂ ಕೀಟೋನ್ ಇನ್ನೂ ಉಳಿದಿರುತ್ತದೆ. ಅದು ಕರಗುವವರೆಗೆ ಇನ್ಸುಲಿನ್ ನಿಲ್ಲಿಸುವಂತಿಲ್ಲ. ಶುಗರ್ ತೀರಾ ಕೆಳಗೆ ಹೋಗದಿರಲಿ ಅಂತ ಗ್ಲುಕೋಸ್.

ಇದೇ ಕಾರಣಕ್ಕೆ “ಶುಗರ್ ನಾರ್ಮಲ್ ಆಯ್ತಲ್ಲ, ಡಿಸ್ಚಾರ್ಜ್ ಕೊಡಿ” ಅಂತ ಸಹಿ ಹಾಕಿ ಕರೆದುಕೊಂಡು ಬರಬೇಡಿ. ಕೀಟೋನ್ 0.6ಕ್ಕಿಂತ ಕೆಳಗೆ, ಪಿಎಚ್ 7.3 ಅಥವಾ ಮೇಲೆ, ರಕ್ತದ ಆಮ್ಲವನ್ನು ತಣಿಸುವ ಬೈಕಾರ್ಬೊನೇಟ್ 18 ಅಥವಾ ಮೇಲೆ ಬಂದಾಗಲೇ ಡಿಕೆಎ ಇಳಿಯಿತು ಅಂತ ಅರ್ಥ. ಡ್ರಿಪ್ ನಿಲ್ಲಿಸುವ ಒಂದೆರಡು ಗಂಟೆ ಮೊದಲೇ ಚರ್ಮದಡಿ ಇನ್ಸುಲಿನ್ ಚುಚ್ಚಿರಬೇಕು. ಇಲ್ಲದಿದ್ದರೆ ಕೀಟೋನ್ ಮತ್ತೆ ಏರುತ್ತದೆ. ಬೇಕಾದರೆ ನರ್ಸಮ್ಮನನ್ನು ಕೇಳಿ, ತಪ್ಪಿಲ್ಲ.

ಮಗುವಿನ ಹತ್ತಿರ ಕೂತವರು ಒಂದನ್ನು ಗಮನಿಸಬೇಕು. ಚಿಕಿತ್ಸೆ ನಡೆಯುತ್ತಿರುವಾಗ ತಲೆನೋವು ಶುರುವಾದರೆ, ಮಗು ಇನ್ನಷ್ಟು ಮಂಕಾದರೆ, ಕಾರಣವಿಲ್ಲದೆ ಕಿರಿಕಿರಿ ಮಾಡಿದರೆ ಆ ಕ್ಷಣವೇ ಹೇಳಿ. ಮೆದುಳಿನ ಊತ ಅಪರೂಪ, ಆದರೆ ಬಂದರೆ ನಿಮಿಷಗಳ ಲೆಕ್ಕ.

ಮಳೆ, ಟ್ರೈನ್, ಊರಿನ ದಾರಿ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. ಸಾವಿರಾರು ಜನ ಆಫೀಸಿನಲ್ಲಿ, ಬಸ್ಸಿನಲ್ಲಿ, ಟ್ರೈನಿನಲ್ಲಿ ರಾತ್ರಿ ಕಳೆದರು. ಅಷ್ಟು ಮಳೆ ಬಾರದಿದ್ದರೂ ಲೋಕಲ್ ಗಂಟೆಗಟ್ಟಲೆ ನಿಲ್ಲುವುದು ಮಳೆಗಾಲದಲ್ಲಿ ಮಾಮೂಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿಯ ಡೋಸ್ ಬ್ಯಾಗಿನಲ್ಲಿಟ್ಟುಕೊಂಡೇ ಹೊರಡಬೇಕು. ಜೊತೆಗೆ ಬಿಸ್ಕತ್ತು, ನೀರು, ಮೀಟರ್.

ಚೌತಿಗೆ ಮತ್ಸ್ಯಗಂಧ ಟ್ರೈನಿನಲ್ಲಿ ಊರಿಗೆ ಹೋಗುವಾಗ ಬೇಕಾದ್ದಕ್ಕಿಂತ ಎರಡು ಪಟ್ಟು ಇನ್ಸುಲಿನ್ ಒಯ್ಯಿರಿ. ಒಂದು ಪಾಲು ನಿಮ್ಮ ಕೈಚೀಲದಲ್ಲಿ, ಇನ್ನೊಂದು ಜೊತೆಗಿರುವವರ ಹತ್ತಿರ. ಬಾಟಲಿ ಹಳ್ಳಿಯ ಅಂಗಡಿಯಲ್ಲಿ ಸಿಗಬಹುದು, ಪೆನ್ನಿನ ಕಾರ್ಟ್ರಿಜ್ ಸಿಗುತ್ತದೆ ಅಂತ ಹೇಳಲಾಗದು. ಹಬ್ಬದ ಮನೆಯಲ್ಲಿ ಪೂಜೆ ಮುಗಿಯುವುದು ತಡವಾದರೂ ದೀರ್ಘಾವಧಿಯ ಇನ್ಸುಲಿನ್ ಹೊತ್ತು ತಪ್ಪಬಾರದು. “ಇವತ್ತೊಂದು ದಿನ ಸೂಜಿ ಬೇಡ ಮಗಾ” ಅನ್ನುವ ಅಜ್ಜಿಗೆ ಪ್ರೀತಿಯಿಂದಲೇ ತಿಳಿಸಿ ಹೇಳಿ.

ಮನೆಗೆ ಬಂದ ಮೇಲೆ

ಡಿಕೆಎ ಯಾಕೆ ಬಂತು ಅಂತ ಕಾರಣ ಸಿಗದೆ ಮನೆಗೆ ಬಂದರೆ ಮತ್ತೆ ಬರಬಹುದು. ಡಿಸ್ಚಾರ್ಜ್ ಹಾಳೆಯಲ್ಲಿ ಕಾರಣ ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಕೇಳಿ. ಹದಿಹರೆಯದ ಮಕ್ಕಳು ದಪ್ಪಗಾಗುವ ಹೆದರಿಕೆಗೆ, ಗೆಳೆಯರ ಮುಂದಿನ ನಾಚಿಕೆಗೆ, ಸುಮ್ನೆ ಬೇಸರಕ್ಕೆ ಇನ್ಸುಲಿನ್ ಬಿಡುತ್ತಾರೆ. ಅವರಿಗೆ ಗದರಿದರೆ ಮುಂದಿನ ಸಲ ಮುಚ್ಚಿಡುತ್ತಾರೆ, ಅಷ್ಟೇ. ಪಕ್ಕದಲ್ಲಿ ಕೂತು ಕೇಳಿ. ಕೆಲವು ತಿಂಗಳು ದೀರ್ಘಾವಧಿಯ ಇನ್ಸುಲಿನ್ನನ್ನು ಮನೆಯ ದೊಡ್ಡವರೇ ಚುಚ್ಚುವುದು ಒಳ್ಳೆಯದು.

ಗ್ಲಿಫ್ಲೋಜಿನ್‌ನಿಂದ ಬಂದಿದ್ದರೆ ಡಾಕ್ಟರ್ ಹೇಳದೆ ಅದನ್ನು ಮತ್ತೆ ಶುರು ಮಾಡಬೇಡಿ. ಮನೆಯ ಡಬ್ಬದಲ್ಲಿ ಉಳಿದ ಹಳೇ ಮಾತ್ರೆ ಹಾಳೆಗಳನ್ನೂ ತೆಗೆದುಬಿಡಿ. ಇನ್ಸುಲಿನ್ ಚುಚ್ಚುವ ಜಾಗ ಮುಟ್ಟಿ ನೋಡಿ. ಗಂಟಾಗಿದ್ದರೆ ಅಲ್ಲಿ ಚುಚ್ಚಿದ ಇನ್ಸುಲಿನ್ ಸರಿಯಾಗಿ ರಕ್ತ ಸೇರುವುದಿಲ್ಲ, ಜಾಗ ಬದಲಿಸಿ. ಶಾಲೆಯ ಟೀಚರಿಗೆ, ಹೋಟೆಲಿನ ಮ್ಯಾನೇಜರಿಗೆ, ರೂಮಿನ ಜೊತೆಗಾರನಿಗೆ ಒಬ್ಬರಿಗಾದರೂ ವಿಷಯ ಗೊತ್ತಿರಲಿ.

ಒಂದೆರಡು ವಾರದೊಳಗೆ ಮತ್ತೆ ಡಾಕ್ಟರನ್ನು ಕಾಣಿ. ಹೋಗುವಾಗ ನೀವು ಬಳಸುವ ಬಾಟಲಿ, ಸಿರಿಂಜು ಎರಡನ್ನೂ ಒಯ್ದು, ಅವರ ಎದುರಿಗೇ ಒಮ್ಮೆ ಡೋಸ್ ಎಳೆದು ತೋರಿಸಿ.